ಹೊಸ್ತಿಲ ಹೊರಗಿನ ಸಣ್ಣ ಚಪ್ಪಲಿ

ನಮ್ಮ ಕಡೆ ಮಕ್ಕಳನ್ನು ಕಂಡವರು ಹೆಸರಿಗಿಂತ ಮೊದಲು ಕೇಳುವುದು ಕ್ಲಾಸು. ಆಟೋದವರು ಕನ್ನಡಿಯಲ್ಲಿ ನೋಡುತ್ತಾ ಕೇಳುತ್ತಾರೆ, ಹಲಸೂರಿನ ದೇವಸ್ಥಾನದ ಅರ್ಚಕರು ತೀರ್ಥ ಹಾಕುತ್ತಲೇ ಕೇಳುತ್ತಾರೆ, ಮೆಟ್ರೋದಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಹೆಂಗಸೂ ಕೇಳುತ್ತಾಳೆ. ಜೀವನ್ ಬಿಮಾ ನಗರದ ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ದಿನಸಿ ಅಂಗಡಿಯಿದೆ. ಅದರ ಯಜಮಾನರು ಯಾವ ಮಗು ಬಂದರೂ ‘ಯಾವ ಕ್ಲಾಸು?’ ಎಂದು ಕೇಳಿ, ಉತ್ತರ ಕಿವಿಗೆ ಬಿದ್ದ ಮೇಲೇ ಬಾಟಲಿಯ ಮುಚ್ಚಳ ತೆಗೆದು ಒಂದು ಕಡಲೆ ಮಿಠಾಯಿ ಕೊಡುವುದು. ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಕೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೆ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದವಳು ನಾನು. ದಾರಿಯಲ್ಲಿ ಹೋಗುವ ಮಕ್ಕಳನ್ನೆಲ್ಲ ನಿಲ್ಲಿಸಿ ಅದನ್ನೇ ಕೇಳಿದ್ದೇನೆ, ಸಾಲದ್ದಕ್ಕೆ ಮಗ್ಗಿಯನ್ನೂ ಕೇಳಿದ್ದೇನೆ.

ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದೆ. ಆಗಿನಿಂದ ಆ ಪ್ರಶ್ನೆ ಕಿವಿಗೆ ಬಿದ್ದರೆ ನಾನೇ ಮಾತು ಬದಲಿಸಲು ನೋಡುತ್ತೇನೆ. ಏಕೆಂದರೆ ನನ್ನ ಮೊಮ್ಮಗಳು ಶಾಲೆಗೆ ಹೋಗುವುದಿಲ್ಲ. ಕಾಯಿಲೆಯಲ್ಲ, ಬಡತನವಲ್ಲ, ಸೀಟು ಸಿಗದ್ದೂ ಅಲ್ಲ. ಅವಳ ಅಪ್ಪ ಅಮ್ಮ, ಇಬ್ಬರೂ ಓದಿದವರು, ಕೂತು ಮಾತಾಡಿ ಅವಳನ್ನು ಶಾಲೆಯಿಂದ ಬಿಡಿಸಿದ್ದಾರೆ. ಯಾರಾದರೂ ಕೇಳಿದರೆ ಆ ಹುಡುಗಿ ತಲೆಯೆತ್ತಿ, ನೆಂಟರ ಊರಿನ ಹೆಸರು ಹೇಳಿದಷ್ಟು ಸಲೀಸಾಗಿ, "ನಾನು ಸ್ಕೂಲಿಗೆ ಹೋಗಲ್ಲ. ಮನೇಲೇ ಇರ್ತೀನಿ" ಎನ್ನುತ್ತಿದ್ದಳು. ಕೇಳಿದವರು ತಕ್ಷಣ ನನ್ನ ಕಡೆ ನೋಡುತ್ತಿದ್ದರು. ನಾನು ಕೈಚೀಲದ ಸೊಪ್ಪಿನ ಕಂತೆಯನ್ನು ತಿರುವಿ ಮುರುವಿ ನೋಡುತ್ತಿದ್ದೆ.

ಬಿಡಿಸಿದ್ದು ಸುಮ್ಮನೆ ಏನಲ್ಲ. ಮೊದಲು ಇಂದಿರಾನಗರದ ಒಂದು ಒಳ್ಳೆಯ ಶಾಲೆಗೇ ಸೇರಿಸಿದ್ದರು. ಬೆಳಿಗ್ಗೆ ವ್ಯಾನಿನ ಹಾರ್ನು ಕೇಳಿದರೆ ಸಾಕು, ಮಗು ತಿಂದದ್ದನ್ನೆಲ್ಲ ಕಕ್ಕಿಕೊಳ್ಳುತ್ತಿತ್ತು. ಡಾಕ್ಟರು ಏನೂ ಇಲ್ಲ ಎಂದರು. ಆಮೇಲೆ ಕೊರೋನಾ ಬಂದು ಶಾಲೆಗಳೆಲ್ಲ ಮುಚ್ಚಿದವು. ಮನೆಯಲ್ಲಿದ್ದ ಮಗು ಮೈಕೈ ತುಂಬಿಕೊಂಡು, ಗಂಟೆಗಟ್ಟಲೆ ಒಂದೇ ಕಡೆ ಕೂತು ಏನಾದರೂ ಮಾಡುತ್ತಾ, ತಾನಾಗಿ ಓದುವುದನ್ನು ಕಲಿತುಬಿಟ್ಟಿತು. ಶಾಲೆಗಳು ತೆರೆದಾಗ ಮಗಳೂ ಅಳಿಯನೂ ವಾಪಸು ಕಳಿಸಲಿಲ್ಲ. ಟೈಮ್ ಟೇಬಲ್ ಇಲ್ಲ, ಪರೀಕ್ಷೆ ಇಲ್ಲ, ಮನೆಯನ್ನೇ ಶಾಲೆ ಮಾಡುವುದೂ ಇಲ್ಲ, ಅವಳು ಏನನ್ನು ಕೇಳುತ್ತಾಳೋ ಅದಕ್ಕೆ ನಾವು ಸಿಗಬೇಕು ಅಷ್ಟೆ ಎಂದು ಮಗಳು ನನಗೆ ವಿವರಿಸಿದಳು. ಈ ಮಗಳು ಹೊಟ್ಟೆಪಾಡಿಗೆ ಮಾಡುವುದು ಶಾಲೆಯ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ. ಊರಿನ ಮಕ್ಕಳಿಗೆಲ್ಲ ಪಾಠದ ಚಿತ್ರ ಬರೆದುಕೊಡು, ನಿನ್ನದಕ್ಕೆ ಮಾತ್ರ ಪಾಠ ಬೇಡ ಎಂದು ನಾನು ಚುಚ್ಚಿದೆ. ಅವಳು ನಕ್ಕಳು. ಅವಳೂ ಒಂದು ಕಾಲದಲ್ಲಿ ನನ್ನ ತರಗತಿಯಲ್ಲೇ ಕೂತವಳು. ತನ್ನ ಮಗಳೆಂದು ಬಿಟ್ಟಳು ಅಂತ ಯಾರೂ ಅನ್ನಬಾರದೆಂದು ನಾವು ಟೀಚರುಗಳೆಲ್ಲ ನಮ್ಮ ಮಕ್ಕಳಿಗೇ ಮೊದಲ ಏಟು ಕೊಡುತ್ತಿದ್ದೆವು. ಆ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು.

ನಾನು ಸುಮ್ಮನಿರುವ ಜಾತಿಯವಳಲ್ಲ. ಮಗಳು ಸ್ನಾನಕ್ಕೆ ಹೋದಾಗ, ಅಳಿಯ ಕಮರ್ಷಿಯಲ್ ಸ್ಟ್ರೀಟಿನ ಹತ್ತಿರ ಇರುವ ತನ್ನ ಕನ್ನಡಕದ ಅಂಗಡಿಗೆ ಹೊರಟ ಮೇಲೆ, ಕಳ್ಳತನದಲ್ಲಿ ಪರೀಕ್ಷೆ ಮಾಡುತ್ತಿದ್ದೆ. ಹುಡುಗಿಯ ಅಕ್ಷರ ಕಾಗೆ ಕಾಲು. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಒತ್ತಕ್ಷರ ಎಲ್ಲೆಲ್ಲೋ ಬೀಳುತ್ತದೆ. ಆದರೆ ಅಪ್ಪನ ಅಂಗಡಿಯಲ್ಲಿ ಕೂತು ಕೂತು ಮಸೂರ ಯಾಕೆ ಬೆಳಕನ್ನು ಬಗ್ಗಿಸುತ್ತದೆ ಅನ್ನುವುದು ಗೊತ್ತು, ಪಕ್ಕದ ಅಂಗಡಿಯ ಬಟ್ಟೆ ವ್ಯಾಪಾರಿಯ ಮಕ್ಕಳ ಜೊತೆ ಬೆರೆತು ದಖನಿ ಉರ್ದು ಮಾತಾಡುತ್ತಾಳೆ, ಹಲಸೂರು ಕೆರೆಯ ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡು ಯಾಕೆ ಕೂರುತ್ತವೆ ಎಂದು ನನಗೆ ತಿಳಿಸುತ್ತಾಳೆ. ಇದೆಲ್ಲ ಸರಿ, ಮಗ್ಗಿ ಬರುತ್ತದೋ ಇಲ್ಲವೋ ನೋಡೋಣವೆಂದು ಒಂದು ದಿನ ಏಳು ಎಂಟಲ ಎಷ್ಟು ಎಂದು ಕೇಳಿದೆ.

ಇಲ್ಲಿ ನನ್ನ ಹುಬ್ಬಿನ ವಿಷಯ ಹೇಳಬೇಕು. ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದರೆ ಎದ್ದು ನಿಂತ ಮಗು ಬೋರ್ಡನ್ನು ನೋಡುವುದಿಲ್ಲ, ಪುಸ್ತಕ ನೋಡುವುದಿಲ್ಲ, ಟೀಚರ ಮುಖ ನೋಡುತ್ತದೆ. ಐವತ್ತ... ಎಂದು ರಾಗ ಎಳೆಯುತ್ತದೆ. ನನ್ನ ಹುಬ್ಬು ಮೇಲೆ ಹೋದರೆ ತಪ್ಪು, ಕೆಳಗೇ ಇದ್ದರೆ ಸರಿ. ಅದನ್ನು ನೋಡಿಕೊಂಡು ನಾಲ್ಕನ್ನು ನುಂಗಿ ಆರು ಎನ್ನುತ್ತದೆ. ಹುಬ್ಬಿನಲ್ಲೇ ಪಾಠ ಮಾಡುವ ಟೀಚರು ಎಂದು ನನಗೆ ಹೆಸರಿತ್ತು, ನನಗೂ ಅದೊಂದು ಹೆಮ್ಮೆ. ಮೊಮ್ಮಗಳು ಕಿಟಕಿಯಾಚೆ ನೋಡುತ್ತಾ ಐವತ್ತನಾಲ್ಕು ಎಂದಳು. ನಾನು ಹುಬ್ಬು ಏರಿಸಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಏರಿಸಿದ ಹುಬ್ಬನ್ನು ಇಳಿಸುವುದು ಹೇಗೆಂದು ತಿಳಿಯದೆ ನಾನೇ ಸುಸ್ತಾದೆ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಗೆ ಬಂದು, "ಐವತ್ತಾರು ಅಜ್ಜಿ. ನಾನು ತಪ್ಪು ಹೇಳ್ಬಿಟ್ಟಿದ್ದೆ. ಹುಣಸೆಬೀಜ ಜೋಡಿಸಿ ನೋಡ್ದೆ" ಎಂದಳು. ತಪ್ಪಿದ್ದಕ್ಕೆ ನಾಚಿಕೆಯಿರಲಿಲ್ಲ, ಸರಿಯಾದದ್ದಕ್ಕೆ ಜಂಬವೂ ಇರಲಿಲ್ಲ. ನಾನು ಒಗ್ಗರಣೆ ಸೀದುಹೋಗುವವರೆಗೆ ನಿಂತಿದ್ದೆ. ಇಷ್ಟು ಮಕ್ಕಳಿಗೆ ಕಲಿಸಿದ್ದೇನೆ, ಒಂದು ಮಗುವೂ ನನ್ನ ಮುಖ ನೋಡದೆ ಉತ್ತರ ಹೇಳಿದ್ದು ನೆನಪಿಗೆ ಬರಲಿಲ್ಲ.

ಅಷ್ಟಾದರೂ ನನ್ನ ನಾಚಿಕೆ ಹೋಗಲಿಲ್ಲ. ಅದರ ಬೇರು ಇನ್ನೊಂದು ಕಡೆ ಇತ್ತು. ನೌಕರಿಯ ಕೊನೆಯ ವರ್ಷಗಳಲ್ಲಿ ನಾನು ಕೆ.ಆರ್. ಪುರಂ ಕಡೆಯ ಶಾಲೆಯಲ್ಲಿದ್ದೆ. ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಹುಡುಕಿ ಕರೆತರುವುದು ಟೀಚರುಗಳ ಕೆಲಸಗಳಲ್ಲೊಂದು. ಕಲ್ಯಾಣ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರು ಸಾಲು ರೂಮುಗಳಲ್ಲಿ ಬಾಡಿಗೆಗಿದ್ದರು. ಒಂದು ರೂಮಿನಲ್ಲಿ ಒಂದು ಸಂಸಾರ. ನಾವು ಬರುವುದು ಕಂಡರೆ ತಾಯಂದಿರು ಮಕ್ಕಳನ್ನು ಒಳಗೆ ಅಡಗಿಸಿಟ್ಟು, ಊರಿಗೆ ಹೋಗ್ಯಾವ್ರಿ, ಅಜ್ಜಿ ಹತ್ರ ಅದಾವ್ರಿ ಎನ್ನುತ್ತಿದ್ದರು. ಅವರ ಮಾತಿಗೆ ನಾನು ಸೊಪ್ಪು ಹಾಕುತ್ತಿರಲಿಲ್ಲ. ಹೊಸ್ತಿಲ ಹೊರಗಿನ ಚಪ್ಪಲಿಗಳನ್ನು ನೋಡುತ್ತಿದ್ದೆ. ದೊಡ್ಡವರ ಚಪ್ಪಲಿಗಳ ನಡುವೆ ಸಣ್ಣದೊಂದು ಜೊತೆ ಕಂಡರೆ ಸೀದಾ ಬಾಗಿಲು ತಳ್ಳುವುದು. ಒಮ್ಮೆ ಹಾಗೆ ತಳ್ಳಿದಾಗ ಬಾಗಿಲ ಹಿಂದೆ ಒಬ್ಬ ಹುಡುಗಿ ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು, ಅದರ ಬಾಯಿಗೆ ಅಂಗೈ ಒತ್ತಿಕೊಂಡು ನಿಂತಿದ್ದಳು. ತಾಯಿ, ತಾನು ಕೆಲಸಕ್ಕೆ ಹೋದರೆ ಸಣ್ಣ ಕೂಸನ್ನು ನೋಡುವವರಿಲ್ಲ ಎಂದು ಗೋಗರೆದಳು. ನಾನು ಇಡೀ ಸಾಲಿಗೆ ಕೇಳಿಸುವಂತೆ, "ನಾಚಿಕೆ ಆಗಲ್ವೇನಮ್ಮ ನಿಂಗೆ? ಹೆತ್ತ ಮಗೂನ ಬಾಗಿಲ ಹಿಂದೆ ಬಚ್ಚಿಡ್ತೀಯಲ್ಲ" ಎಂದೆ. ಅಕ್ಕಪಕ್ಕದ ರೂಮಿನವರೆಲ್ಲ ಹೊರಗೆ ಬಂದು ನೋಡಿದರು.

ಆ ಹುಡುಗಿ ಮರುದಿನವೇ ಶಾಲೆಗೆ ಬಂದಳು, ಕೂಸನ್ನೂ ಎತ್ತಿಕೊಂಡೇ ಬಂದಳು. ಅವಳಿಗೆ ಅಲ್ಲಿ ಬಿಸಿಯೂಟವಿತ್ತು, ಓಡಾಡಲು ಜಾಗವಿತ್ತು. ಕೂಸನ್ನು ಅಂಗನವಾಡಿಗೆ ಬಿಟ್ಟ ಮೇಲೆ ಖಾಲಿ ಕೈಯಿತ್ತು. ಓದು ಹತ್ತಿತು, ನಗುವುದನ್ನೂ ಕಲಿತಳು. ಹಾಗಾಗಿ ಬಾಗಿಲು ತಳ್ಳಿದ್ದು ತಪ್ಪೆಂದು ಇವತ್ತಿಗೂ ಹೇಳಲಾರೆ. ಮಗಳಿಗೂ ಇದನ್ನೇ ಹೇಳಿದ್ದೆ. ಶಾಲೆಗೆ ಬಯ್ಯುವುದು ಮನೆ ತುಂಬ ಪುಸ್ತಕ ಇರುವವರ ಬಾಯಿಗೆ ಸುಲಭ ಎಂದಿದ್ದೆ. ಅವಳು ಅದನ್ನು ಒಪ್ಪಿಕೊಂಡಳು. ಎಲ್ಲರೂ ಬಿಡಿಸಲಿ ಎಂದು ತಾನು ಎಂದೂ ಹೇಳಿಲ್ಲ, ತನ್ನ ಮಗು ಬೆಳಿಗ್ಗೆ ವಾಂತಿ ಮಾಡುವುದು ಬೇಡವಾಗಿತ್ತು ಅಷ್ಟೆ ಎಂದಳು.

ಸುಳ್ಳು ಶುರುವಾದದ್ದು ಒಂದು ಮದುವೆ ಮನೆಯಲ್ಲಿ. ಹಳೆಯ ಸಹೋದ್ಯೋಗಿಗಳ ಸಾಲಿನಲ್ಲಿ ಊಟಕ್ಕೆ ಕೂತಿದ್ದೆ. ಮೊಮ್ಮಕ್ಕಳ ಅಂಕ, ಬಹುಮಾನ ಎಲೆಯಿಂದ ಎಲೆಗೆ ಹೋಳಿಗೆಯ ಜೊತೆ ಸಾಗಿ ಬಂದವು. ನನ್ನ ಸರದಿ ಬಂದಾಗ ನಾಲ್ಕನೇ ಕ್ಲಾಸು, ಪರವಾಗಿಲ್ಲ, ಓದುತ್ತಾಳೆ ಎಂದುಬಿಟ್ಟೆ. ಮೊಮ್ಮಗಳು ಆ ಹೊತ್ತಿಗೆ ಮಕ್ಕಳ ಗುಂಪಿನಲ್ಲಿದ್ದಳು, ಕೇಳಿಸಲಿಲ್ಲ. ಆಮೇಲೆ ಅದು ರೂಢಿಯಾಯಿತು. ಪಾರ್ಕಿನಲ್ಲಿ, ಬ್ಯಾಂಕಿನಲ್ಲಿ, ಫೋನಿನಲ್ಲಿ, ಅವಳು ಪಕ್ಕದಲ್ಲಿ ಇಲ್ಲದಾಗೆಲ್ಲ ನಾನು ಅವಳನ್ನು ಶಾಲೆಗೆ ಕಳಿಸುತ್ತಿದ್ದೆ. ಬೇಸಿಗೆ ಕಳೆದ ಮೇಲೆ ಐದನೇ ಕ್ಲಾಸಿಗೂ ಹಾಕಿದೆ.

ಕಳೆದ ವರ್ಷ ಮಳೆ ಶುರುವಾದ ಹೊತ್ತಿಗೆ, ಒಂದು ಬೆಳಿಗ್ಗೆ, ಮಗಳೂ ಅಳಿಯನೂ ಮನೆಯಲ್ಲಿರಲಿಲ್ಲ. ಮೊಮ್ಮಗಳು ನಡುಮನೆಯ ನೆಲದ ಮೇಲೆ ಕೆಟ್ಟ ಗಡಿಯಾರವೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದಳು. ಗೇಟಿನ ಸದ್ದಾಯಿತು. ಕಿಟಕಿಯ ಗ್ರಿಲ್ಲಿನಿಂದ ನೋಡಿದರೆ, ಹೆಗಲಿಗೆ ಬ್ಯಾಗು, ಎದೆಗೆ ಕಾಗದಗಳ ಪ್ಯಾಡು ಅವಚಿಕೊಂಡು ನನ್ನ ಹಳೆಯ ಶಾಲೆಯ ಟೀಚರು. ನನಗಿಂತ ತುಂಬ ಚಿಕ್ಕವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಜೊತೆಯೇ ಆ ಸಾಲು ರೂಮುಗಳನ್ನು ಸುತ್ತಿದವಳು. ಚಪ್ಪಲಿ ನೋಡುವ ಉಪಾಯವನ್ನು ಅವಳಿಗೆ ಹೇಳಿಕೊಟ್ಟದ್ದು ನಾನೇ. ಈಗ ನಮ್ಮ ಕಡೆಯ ಶಾಲೆಗೆ ವರ್ಗವಾಗಿ ಬಂದಿದ್ದಾಳೆಂದು ಕೇಳಿದ್ದೆ. ಅವಳ ಕೈಯಲ್ಲಿದ್ದ ಪ್ಯಾಡು ನೋಡಿದರೆ ಸಾಕು, ಏನು ಕೇಳಲು ಬಂದಿದ್ದಾಳೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಯೋಚಿಸಿ ಮಾಡಿದೆ ಎನ್ನಲಾರೆ, ಯೋಚಿಸದೆ ಮಾಡಿದೆ ಎಂದರೂ ಸುಳ್ಳಾಗುತ್ತದೆ. ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದೆ. ಒಳಗಿನ ರೂಮಿಗೆ ಹೋಗು, ನಾನು ಕರೆಯುವವರೆಗೆ ಸದ್ದು ಮಾಡಬೇಡ ಎಂದೆ. ಅವಳು ಆಟವೆಂದುಕೊಂಡು ಕಣ್ಣರಳಿಸಿ ಯಾಕೆ ಎಂದು ಕೇಳಿದಳು. ಹೇಳಿದಷ್ಟು ಕೇಳು ಎಂದು ನಾನು ಹಲ್ಲು ಕಚ್ಚಿ ಹೇಳಿದೆ. ಆ ದನಿಯನ್ನು ಅವಳು ಅದುವರೆಗೆ ಕೇಳಿರಲಿಲ್ಲ. ನನ್ನ ತರಗತಿಯ ಮಕ್ಕಳಿಗೆ ಅದು ದಿನಾ ಕೇಳುವ ದನಿ. ಆಟದ ನಗು ಮುಖದಿಂದ ಇಳಿಯಿತು. ಅವಳು ಒಳಗೆ ಹೋದಳು. ನಾನು ಗಡಿಯಾರದ ಚೂರುಗಳನ್ನು ಸೆರಗಿನಲ್ಲಿ ಬಾಚಿ ಸೋಫಾದ ಕೆಳಗೆ ತಳ್ಳಿ ಬಾಗಿಲು ತೆಗೆದೆ.

ಆ ಟೀಚರಿಗೆ ನನ್ನನ್ನು ಕಂಡು ನಿಜವಾದ ಸಂತೋಷ. ಕಾಲಿಗೆ ನಮಸ್ಕಾರ ಮಾಡಿದಳು. ಇದು ನನ್ನ ಮಗಳ ಮನೆಯೆಂದು ಗೊತ್ತೇ ಇರಲಿಲ್ಲವಂತೆ. ಕಾಫಿ ಕೊಟ್ಟೆ. ಶಾಲೆಯ ಸುದ್ದಿ, ವರ್ಗಾವಣೆಯ ಕಷ್ಟ, ಈ ಸಲ ದೊಡ್ಡ ಮನೆಗಳಿಗೂ ಹೋಗಿ ವಿಚಾರಿಸಬೇಕೆಂದು ಹೇಳಿರುವುದು, ಗೇಟಿನಿಂದಲೇ ಅಟ್ಟುವ ಜನ, ಎಲ್ಲ ಹೇಳಿಕೊಂಡಳು. ನಾನು ಹೂಂಗುಟ್ಟುತ್ತಾ ಒಳಗಿನ ರೂಮಿನ ಬಾಗಿಲ ಕಡೆಗೇ ಕಿವಿ ಇಟ್ಟಿದ್ದೆ. ಕೊನೆಗೆ ಲೋಟ ಕೆಳಗಿಟ್ಟು, ಸಂಕೋಚದಿಂದ ನಗುತ್ತಾ ಪೆನ್ನು ತೆಗೆದಳು.

"ನಿಮ್ಮನ್ನ ಕೇಳೋದು ಹೆಂಗೆ ಮೇಡಂ, ಆದ್ರೂ ಕೇಳ್ಬೇಕಲ್ಲ. ಮೊಮ್ಮಗಳು ಸ್ಕೂಲಿಗೆ ಹೋಗ್ತಿದಾಳೆ ಅಲ್ವಾ?"

"ಹೂಂ. ಐದನೇ ಕ್ಲಾಸು. ಈಗ ಸ್ಕೂಲಲ್ಲೇ ಇದಾಳೆ."

ಅವಳು ಬರೆಯಲು ಬಗ್ಗಿದವಳು ಹಾಗೇ ತಡೆದಳು. ಬಾಗಿಲು ತೆರೆದೇ ಇತ್ತು. ಅವಳ ಕಣ್ಣು ಹೊಸ್ತಿಲ ಹೊರಗೆ ಹೋಯಿತು. ನನ್ನ ಕಣ್ಣೂ ಅಲ್ಲಿಗೇ ಹೋಯಿತು. ಅವಳ ಚಪ್ಪಲಿಯ ಪಕ್ಕದಲ್ಲಿ ನನ್ನದು. ನನ್ನದಕ್ಕೆ ಒತ್ತಿಕೊಂಡು ಮೊಮ್ಮಗಳ ನೀಲಿ ಚಪ್ಪಲಿ, ಇನ್ನೂ ಒದ್ದೆ ಮಣ್ಣು ಹತ್ತಿದ್ದು, ಹಾಲು ತರಲು ನನ್ನ ಜೊತೆ ಹೋಗಿ ಬಂದು ಬಿಟ್ಟದ್ದು. ಅಷ್ಟು ಹೊತ್ತು ಗಡಿಯಾರ, ಮಗು ಎಲ್ಲ ನೆನಪಾಗಿತ್ತು. ಅದೊಂದು ನೆನಪಾಗಿರಲಿಲ್ಲ. ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು.

ಅವಳು ತಲೆ ಎತ್ತಲಿಲ್ಲ. "ಹಂಗೇ ಬರ್ಕೊಂಡ್ಬಿಡ್ತೀನಿ ಮೇಡಂ" ಎಂದು ಮೆಲ್ಲಗೆ ಹೇಳಿ ಬರೆದುಕೊಂಡಳು. ಪ್ಯಾಡನ್ನು ಬ್ಯಾಗಿಗೆ ಸೇರಿಸಿ, ಇನ್ನೊಮ್ಮೆ ನಮಸ್ಕಾರ ಮಾಡಿ ಹೊರಟಳು. ಹೊಸ್ತಿಲಿನ ಹತ್ತಿರ ತನ್ನ ಚಪ್ಪಲಿ ಮೆಟ್ಟುವಾಗ ಆ ನೀಲಿ ಚಪ್ಪಲಿಗೆ ಕಾಲು ತಾಗದ ಹಾಗೆ ಎಚ್ಚರದಿಂದ ಮೆಟ್ಟಿದಳು. ಅವಳು ಒಂದು ಮಾತು ಬಯ್ದಿದ್ದರೂ ನನಗೆ ಸಮಾಧಾನವಿರುತ್ತಿತ್ತು. ಬಾಗಿಲು ತಳ್ಳಲಿಲ್ಲ, ರಸ್ತೆಗೆ ಕೇಳಿಸುವಂತೆ ನಾಚಿಕೆ ಆಗಲ್ವೇನಮ್ಮ ಎನ್ನಲಿಲ್ಲ. ಕೆ.ಆರ್. ಪುರಂನ ಆ ತಾಯಿಗೆ ನಾನು ಕೊಡದ ಮರ್ಯಾದೆಯನ್ನು ನನಗೆ ಕೊಟ್ಟು ಹೋದಳು. ಆ ತಾಯಿಗಾದರೂ ಕೆಲಸಕ್ಕೆ ಹೋಗಬೇಕಿತ್ತು, ಕೂಸಿತ್ತು. ನನಗೆ ಏನಿತ್ತು? ಮುಖ ಉಳಿಸಿಕೊಳ್ಳಬೇಕಿತ್ತು, ಅಷ್ಟೆ.

ಒಳಗಿನ ರೂಮಿನ ಬಾಗಿಲು ತೆಗೆದೆ. ಮೊಮ್ಮಗಳು ಮಂಚದ ಪಕ್ಕದ ಮೂಲೆಯಲ್ಲಿ ಮಂಡಿ ಅಪ್ಪಿಕೊಂಡು ಕೂತಿದ್ದಳು. ಬಾ ಎಂದೆ. ಅವಳು ಏಳಲಿಲ್ಲ. ಪಿಸುದನಿಯಲ್ಲಿ, ತನ್ನ ಸ್ವಂತ ಮನೆಯಲ್ಲಿ ಪಿಸುದನಿಯಲ್ಲಿ, "ನಾನು ಸ್ಕೂಲಲ್ಲಿದೀನಿ ಅಂದ್ಯಲ್ಲ ಅಜ್ಜಿ. ಎಷ್ಟೊತ್ತಿಗೆ ವಾಪಸ್ ಬರ್ಬೇಕು?" ಎಂದು ಕೇಳಿದಳು. ವ್ಯಂಗ್ಯವಿರಬಹುದೇ ಎಂದು ಮುಖ ನೋಡಿದೆ. ಇರಲಿಲ್ಲ. ಅವಳಿಗೆ ಅದು ತಿಳಿಯಬೇಕಿತ್ತು, ಕೇಳಿದಳು.

ಸಂಜೆ ಮಗಳು ಬಂದಾಗ ನಾನು ಅಡುಗೆಮನೆಯಲ್ಲೇ ನಿಂತು ಅವರ ಮಾತಿಗೆ ಕಿವಿಗೊಟ್ಟೆ. ಈ ಹುಡುಗಿ ಅಮ್ಮನಿಗೆ ಒಂದು ಇರುವೆಯ ಸುದ್ದಿಯನ್ನೂ ಬಿಡದೆ ಹೇಳುವವಳು. ಆ ದಿನ ಗಡಿಯಾರದ ವಿಷಯ ಹೇಳಿದಳು, ಹಾಲಿನ ವಿಷಯ ಹೇಳಿದಳು, ಉಳಿದದ್ದನ್ನು ಹೇಳಲಿಲ್ಲ. ಸದ್ಯ ಬಚಾವಾದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಬಂದ ನಾಚಿಕೆ ಬೆಳಗಿನ ನಾಚಿಕೆಗಿಂತ ದೊಡ್ಡದಾಗಿತ್ತು. ಮರುದಿನ ನಾನೇ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬರೆಯುತ್ತಿದ್ದ ಚಿತ್ರದಿಂದ ಕುಂಚ ಎತ್ತಿ, ನೀರಿನ ಲೋಟದಲ್ಲಿ ತೊಳೆದಿಟ್ಟಳು. ಆಮೇಲೆ, "ನಂಗೆ ಹೇಳಿದ್ದು ಸರಿ ಅಮ್ಮ. ಅವಳಿಗೆ ಏನು ಹೇಳ್ತೀಯಾ?" ಎಂದಳು. ಅದಕ್ಕೆ ಉತ್ತರ ಹುಡುಕುವುದರಲ್ಲೇ ನಾಲ್ಕಾರು ದಿನ ಕಳೆದೆ. ಮಕ್ಕಳ ಮುಂದೆ ತಪ್ಪಾಯಿತು ಎನ್ನುವುದು ನನ್ನ ನೌಕರಿಯಲ್ಲಿ ಎಂದೂ ಬಾರದ ಕೆಲಸ.

ಆ ವಾರವೇ ಮೂಲೆಯ ಅಂಗಡಿಗೆ ಬೆಲ್ಲ ತರಲು ಹೋದೆವು. ಯಜಮಾನರು ಊರಿಗೆ ಹೋಗಿದ್ದರು, ಅವರ ಅಣ್ಣ ಕೂತಿದ್ದರು. ಅಣ್ಣನಿಗೂ ಅದೇ ಚಾಳಿ. ಮೊಮ್ಮಗಳನ್ನು ನೋಡಿ ನಗುತ್ತಾ ಬಾಟಲಿಯ ಮೇಲೆ ಕೈಯಿಟ್ಟು ಯಾವ ಕ್ಲಾಸು ಪುಟ್ಟಾ ಎಂದರು. ಅವಳು ಬಾಯಿ ತೆರೆದಳು, ನಿಲ್ಲಿಸಿದಳು. ತಿರುಗಿ ನನ್ನ ಮುಖ ನೋಡಿದಳು.

ಆ ನೋಟ ನನಗೆ ಚೆನ್ನಾಗಿ ಗೊತ್ತು. ಜೀವಮಾನವೆಲ್ಲ ಬೆಂಚಿನ ಸಾಲುಗಳಿಂದ ಅದನ್ನೇ ಕಂಡಿದ್ದೇನೆ. ಅವಳು ನನ್ನ ಹುಬ್ಬು ನೋಡುತ್ತಿದ್ದಳು.

ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣದಿರಲೆಂದು ನಾನು ಬೇಗ ಬೇಗ ಮಾತಾಡಿದೆ. "ಇವಳು ಸ್ಕೂಲಿಗೆ ಹೋಗಲ್ಲ ರೀ. ಮನೇಲೇ ಇರ್ತಾಳೆ. ನಮ್ಮನೇಲಿ ಹಂಗೆ" ಎಂದೆ. ಅಂಗಡಿಯಲ್ಲಿದ್ದ ಇನ್ನಿಬ್ಬರು ತಿರುಗಿ ನೋಡಿದರು. ಹುಷಾರಿಲ್ವಾ ಎಂದು ಯಜಮಾನರ ಅಣ್ಣ ಕೇಳಿದರು. ಹುಷಾರಾಗಿದ್ದಾಳೆ, ಹೋಗುವುದಿಲ್ಲ ಅಷ್ಟೆ ಎಂದೆ. ನಾನು ಟೀಚರಾಗಿದ್ದವಳು ಎಂದು ಗೊತ್ತಿದ್ದವರೂ ಅಲ್ಲಿದ್ದರು. ನೋಡಲಿ ಬಿಡು ಎನ್ನಿಸಿತು. ಅಣ್ಣ ಏನೂ ತೋಚದೆ ಮಿಠಾಯಿ ತೆಗೆದು ಕೊಟ್ಟರು. ಬೆಲ್ಲ ಕಟ್ಟಿಸಿಕೊಂಡು ಹೊರಟೆವು. ದಾರಿಯಲ್ಲಿ ನಾನು ಅವಳ ಕೈ ಹಿಡಿದು, ಅವತ್ತು ನಿನ್ನನ್ನು ಬಚ್ಚಿಟ್ಟದ್ದು ನನ್ನ ತಪ್ಪು, ನಿನ್ನದೇನೂ ಇರಲಿಲ್ಲ ಎಂದು ಹೇಳಿದೆ. ಎಲ್ಲ ಸರಿಹೋಯಿತು ಎಂದು ಒಂದು ಗಳಿಗೆ ನಂಬಿದೆ.

ಅವಳು ಮಿಠಾಯಿಯನ್ನು ತಿನ್ನದೆ ಕೈಯಲ್ಲೇ ಇಟ್ಟುಕೊಂಡು ಸ್ವಲ್ಪ ದೂರ ನಡೆದಳು. ನಮ್ಮ ಗೇಟಿನ ಹತ್ತಿರ ನಿಂತು, ಮತ್ತೆ ಅದೇ ಎಚ್ಚರದ ಕಣ್ಣಿನಿಂದ ನನ್ನ ಮುಖ ನೋಡಿದಳು.

"ಹಂಗಾದ್ರೆ ಇನ್ಮೇಲೆ ಯಾರಾದ್ರೂ ಕೇಳಿದ್ರೆ ಹಂಗೇ ಹೇಳ್ಬೇಕಾ ಅಜ್ಜಿ?"